ಕ್ಯಾನಿನ ತಳದಲ್ಲಿ ನಿಂತ ನೀರು

ಗೋಣಿಬೀಡು
ಆಷಾಢದ ಕೊನೆಯ ವಾರ

ಹಾಲೇಶನಿಗೆ ಸರ್ವಮಂಗಳಕ್ಕ ಮಾಡುವ ಆಶೀರ್ವಾದ.

ಈ ಕಾಗದ ನಿನ್ನ ಕೈಗೆ ಸಿಗುವ ಮೊದಲು ನಿನ್ನ ಹೆಂಡತಿ ತನುಜಾ ಓದುತ್ತಾಳೆ ಎಂಬ ಅನುಮಾನ ನನಗಿದೆ. ಓದಲಿ, ಅವಳಿಗೂ ತಿಳಿಯಬೇಕಾದ ವಿಷಯವೇ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಹೊರನಾಡು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸೋಣವೆಂದರೆ, ಆತ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡದೆ ಇರುತ್ತಾನೆಯೇ? ಅದಕ್ಕೇ ರಿಜಿಸ್ಟರ್ ಪೋಸ್ಟು. ನನ್ನ ಸ್ವಭಾವ ನಿನಗೆ ಹೊಸದಲ್ಲ. ಹದಿನಾರು ವರ್ಷ ನಮ್ಮ ತೋಟದ ಜೀಪು ಓಡಿಸಿದವನು, ಸ್ಪ್ರೇ ಮೆಷಿನ್ ನಡೆಸಿದವನು, ಮೂಡಿಗೆರೆಯಿಂದ ಪೆಟ್ರೋಲ್ ತಂದವನು ನೀನು. ಅಷ್ಟು ವರ್ಷವೂ ನಿನ್ನ ಎದುರಿಗೇ ಕ್ಯಾನ್ ಎತ್ತಿ, ಅಲುಗಾಡಿಸಿ, ಸದ್ದು ಕೇಳಿ ಒಳಗಿಟ್ಟವಳು ನಾನು.

ಮಳೆ ಹಿಡಿಯುವ ಮೊದಲು ನಾಲ್ಕು ಕ್ಯಾನ್ ತುಂಬಿಸಿಡುವುದು ನಮ್ಮ ಮನೆಯ ಹಳೆಯ ರೂಢಿ. ಮರ ಬಿದ್ದು ರಸ್ತೆ ಕಟ್ಟಿದ ಮೇಲೆ ಬಂಕಿಗೆ ಹೋಗುವವರು ಯಾರು? ಮುಚ್ಚಳ ಸಡಿಲವಾದ ಕ್ಯಾನಿನ ಬಾಯಿಗೆ ಹಳೆಯ ಬಟ್ಟೆ ತುರುಕುವುದನ್ನು ನಮ್ಮತ್ತೆ ಕಲಿಸಿದ್ದರು. ಆಗೆಲ್ಲ ಸ್ವಲ್ಪ ತೇವ ಇಳಿದರೂ ತಳದಲ್ಲಿ ನಾಲ್ಕು ಹನಿ ನೀರಷ್ಟೇ ನಿಲ್ಲುತ್ತಿತ್ತು. ಕೊನೆಯ ಒಂದು ಲೋಟ ಚೆಲ್ಲಿದರೆ ಮುಗಿಯಿತು. ಶೆಡ್ಡಿನ ಬೀಗದ ಕೈ ಮಾತ್ರ ಯಾವಾಗಲೂ ನನ್ನ ಸೊಂಟದಲ್ಲಿ. ಯಜಮಾನರಿಗೂ ಕೊಟ್ಟವಳಲ್ಲ.

ಕಳೆದ ವರ್ಷ ಆಗಸ್ಟಿನಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತು. ಮೆಣಸಿನ ಬಳ್ಳಿಗೆ ಔಷಧಿ ಹೊಡೆಯಲು ಸಿಗುವುದೇ ಆ ನಾಲ್ಕು ದಿನ. ಮೈಲುತುತ್ತ, ಸುಣ್ಣ ಕಲಸಿ ಡ್ರಮ್ಮಿನಲ್ಲಿ ಇಟ್ಟಾಗಿತ್ತು. ನೀನು ಹಗ್ಗ ಎಳೆದೆ, ಮೆಷಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಕ್ಯಾನನ್ನು ಬಾಟಲಿಗಳಿಗೆ ಬಗ್ಗಿಸಿ ನೋಡಿದರೆ, ಐದು ಲೀಟರಿನಲ್ಲಿ ಹತ್ತಿರಹತ್ತಿರ ಒಂದು ಲೀಟರ್ ನೀರಿನಂಥದ್ದೇ ಇತ್ತು.

“ನಾ ಹಾಕಿದ್ದಲ್ಲ ಅಕ್ಕಾವ್ರೆ, ಅದು ಒಳಗೇ ಬೇರೆ ಆಗಿದ್ದು,” ಅಂದೆ ನೀನು.

“ಪೆಟ್ರೋಲೊಳಗೆ ನೀರು ತಾನಾಗೇ ಹುಟ್ತದಾ ಮಾರಾಯ?” ಅಂದವಳು ನಾನು.

ಅಷ್ಟಕ್ಕೇ ಬಿಡಲಿಲ್ಲ. ಶಶಿಧರನ ಅಂಗಡಿಯಲ್ಲಿ ನಾಲ್ಕು ಜನರೆದುರು ನೀನು ಪೆಟ್ರೋಲಿಗೆ ನೀರು ಬೆರೆಸುತ್ತೀಯೆಂದು ಹೇಳಿ ಬಂದೆ. ಅಕ್ಕಪಕ್ಕದ ತೋಟದವರೂ ನಿನಗೆ ಕ್ಯಾನ್ ಕೊಡುವುದನ್ನು ನಿಲ್ಲಿಸಿದರು. ನಮ್ಮ ನಾಲ್ಕು ಕ್ಯಾನುಗಳನ್ನು ನೀನು ತೊಳೆದು, ಮೆಟ್ಟಿಲ ಮೇಲೆ ಬೋರಲು ಹಾಕಿ ಹೋದೆ. ಹೊರನಾಡಿನಲ್ಲಿ ಯಾತ್ರಿಕರ ಜೀಪು ಓಡಿಸುತ್ತಿದ್ದೀಯೆಂದು ಆಮೇಲೆ ಕೇಳಿದೆ.

ನನ್ನನ್ನು ಈಗ ಚುಚ್ಚುವುದು ಇನ್ನೊಂದು. ಆ ಜೂನಿನಲ್ಲಿ ಕ್ಯಾನ್ ಇಳಿಸುವಾಗಲೇ ನೀನು ಹೇಳಿದ್ದೆ: “ಈಗಿನ ಪೆಟ್ರೋಲ್ ಮೊದ್ಲಿನಂಗಲ್ಲ ಅಕ್ಕಾವ್ರೆ. ಕಬ್ಬಿಂದು ಸ್ಪಿರಿಟ್ ಸೇರಿಸ್ತಾರೆ, ಅದು ನೀರು ಎಳ್ಕೊಳ್ತದೆ. ಬಹಳ ದಿನ ಇಡ್ಬೇಡಿ.” ಬಂಕಿನ ಬೋರ್ಡು ಓದಿ ಬಂದು ನೀನು ಖುಷಿಯಲ್ಲಿದ್ದೆ. ಹೊರದೇಶದ ಎಣ್ಣೆಗೆ ಹೋಗುವ ದುಡ್ಡು ಇನ್ನು ನಮ್ಮ ಕಬ್ಬಿನವರಿಗೆ, ಜೋಳದವರಿಗೆ ಸಿಗುತ್ತದೆ, ಎಲ್ಲೋ ಯುದ್ಧವಾದರೆ ನಮ್ಮ ಜೀಪು ನಿಲ್ಲಬೇಕಾಗಿಲ್ಲ ಎಂದೆಲ್ಲ ಹೇಳಿದೆ. ನಾನು ಒಳಗೊಳಗೇ ಲೆಕ್ಕ ಹಾಕಿದೆ: ಇವನು ಕೇಳದೆಯೇ ಇಷ್ಟೆಲ್ಲ ಯಾಕೆ ಹೇಳುತ್ತಿದ್ದಾನೆ? ಆಗಸ್ಟಿನಲ್ಲಿ ಕ್ಯಾನಿನ ತಳ ನೋಡಿದಾಗ, ಅವತ್ತೇ ತಪ್ಪಿಸಿಕೊಳ್ಳುವ ದಾರಿ ಮಾಡಿಟ್ಟುಕೊಂಡಿದ್ದ ಎಂದು ತೀರ್ಮಾನಿಸಿದೆ. ನಿನ್ನ ಎಚ್ಚರಿಕೆಯ ಮಾತನ್ನೇ ನಿನ್ನ ಮೇಲೆ ಸಾಕ್ಷಿ ಮಾಡಿಕೊಂಡೆ, ಹಾಲೇಶ.

ಈ ವರ್ಷ ಯಾರನ್ನೂ ನಂಬಲಿಲ್ಲ. ನಾನೇ ಬಂಕಿಗೆ ಹೋಗಿ, ಮೀಟರ್ ಸೊನ್ನೆಗೆ ಬಂದದ್ದು ನೋಡಿ, ಕಣ್ಣೆದುರಿಗೇ ತುಂಬಿಸಿದೆ. ದಾರಿಯುದ್ದಕ್ಕೂ ಕ್ಯಾನುಗಳನ್ನು ಕಾಲ ಬಳಿಯೇ ಇಟ್ಟುಕೊಂಡು ಬಂದೆ. ನಾನೇ ಬಟ್ಟೆ ತುರುಕಿದೆ, ನಾನೇ ಬೀಗ ಹಾಕಿದೆ. ಮೊನ್ನೆ ತೆಗೆದು ನೋಡಿದರೆ ಮತ್ತೆ ಅದೇ. ತಳದಲ್ಲಿ ನೀರು.

ಇವರದೇ ಕೆಲಸವಿರಬಹುದೇ ಎಂದು ಒಂದು ದಿನವಿಡೀ ಯಜಮಾನರ ಮುಖವನ್ನೇ ನೋಡುತ್ತ ಕೂತೆ. ಅವರು ಊಟ ಬಿಟ್ಟು ಎದ್ದರು, ಪಾಪ. ಮೆಕ್ಯಾನಿಕ್ ಪುಟ್ಟಸ್ವಾಮಿಯನ್ನು ಕರೆಸಿದರೆ ಅವನೂ ನೀನು ಹೇಳಿದ್ದನ್ನೇ ಹೇಳಿದ. ಪೆಟ್ರೋಲಿನ ಸ್ಪಿರಿಟ್ ತೇವವನ್ನು ಹೀರುತ್ತದಂತೆ, ಹೆಚ್ಚಾದರೆ ನೀರಿನ ಜೊತೆ ತಾನೂ ತಳಕ್ಕೆ ಇಳಿಯುತ್ತದಂತೆ. ನನಗೆ ಬ್ಯಾಟರಿ ಮೆಷಿನ್ ಮಾರಲು ಹೂಡಿದ ಆಟ ಎಂದುಕೊಂಡೆ. ಅವನು ಹೋದ ಮೇಲೆ ಬಾಟಲಿಗೆ ಹೊಸ ಪೆಟ್ರೋಲ್ ಹಾಕಿ, ಎರಡು ಚಮಚ ನೀರು ಬಿಟ್ಟು, ಅಲುಗಾಡಿಸಿ ಇಟ್ಟೆ. ತಳದಲ್ಲಿ ನಿಂತದ್ದು ಹಾಕಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಶೆಡ್ಡಿಗೆ ಹೋಗಿ ಮೇಲೆ ನೋಡಿದೆ. ಶೀಟಿನ ಮೊಳೆಯ ತೂತಿನಿಂದ ಹನಿ ಹನಿಯಾಗಿ ಬಟ್ಟೆಯ ತುದಿಗೇ ಬೀಳುತ್ತಿತ್ತು. ಬಟ್ಟೆ ಅದನ್ನು ಕುಡಿದು ಒಳಗೆ ಇಳಿಸುತ್ತಿತ್ತು. ನೀರು ಬೆರೆಸಿದವಳು ನಾನೇ.

ದೇಶ ಪರರ ಎಣ್ಣೆಗೆ ಕೈಯೊಡ್ಡಬಾರದು ಎನ್ನುವುದು ನನಗೂ ಒಪ್ಪಿಗೆ. ಆದರೆ ಇದರಲ್ಲಿ ಲಾಭ ಯಾರಿಗೆ, ನಷ್ಟ ಯಾರ ಮೆಷಿನ್ನಿಗೆ ಎಂಬ ಗುಮಾನಿ ಹೋಗಿಲ್ಲ, ಹೋಗುವುದೂ ಇಲ್ಲ. ಅಷ್ಟು ದೊಡ್ಡ ಬದಲಾವಣೆ ನಮ್ಮ ಶೆಡ್ಡಿನ ಕ್ಯಾನಿಗೆ ಬಂದಾಗ ಒಬ್ಬರಾದರೂ ಬಂದು ಹೇಳಬಾರದಿತ್ತೇ ಎಂದು ಸಿಟ್ಟಿನಲ್ಲಿ ಬರೆಯಲು ಹೊರಟಿದ್ದೆ. ಆದರೆ ಒಬ್ಬರು ಹೇಳಿದ್ದರು. ನೀನು ಹೇಳಿದ್ದೆ.

ನಿನ್ನೆ ಆ ಬಾಟಲಿ ಹಿಡಿದು ಶಶಿಧರನ ಅಂಗಡಿಗೆ ಹೋದೆ. ಅದೇ ಬೆಂಚಿನ ಮುಂದೆ ನಿಂತು ಎಲ್ಲ ತೋರಿಸಿದೆ, ತಪ್ಪು ನನ್ನದೆಂದು ಹೇಳಿದೆ. ಕೆಲವರು ತಲೆಯಾಡಿಸಿದರು. ಒಬ್ಬ ಮಾತ್ರ, ಹಾಲೇಶ ಏನು ಕೊಟ್ಟು ಹೇಳಿಸಿದ ಎಂದು ನಕ್ಕ. ನಾನು ಬಿತ್ತಿದ್ದು ಎಷ್ಟು ಆಳಕ್ಕೆ ಇಳಿದಿದೆಯೆಂದು ಆಗ ಗೊತ್ತಾಯಿತು. ಇನ್ನು ನನ್ನ ಬಾಯಿಮಾತು ಸಾಲದು.

ಈ ಲಕೋಟೆಯಲ್ಲಿ ಶೆಡ್ಡಿನ ಬೀಗದ ಕೈ ಇದೆ. ಇನ್ನೊಂದನ್ನು ಮಾಡಿಸಿ ಇಟ್ಟುಕೊಂಡಿರುತ್ತಾಳೆ ಎಂದು ನೀನು ಅಂದುಕೊಂಡರೆ ತಪ್ಪಿಲ್ಲ, ಆದರೆ ಇಲ್ಲ. ಮೆಷಿನ್, ಮೈಲುತುತ್ತ, ಸುಣ್ಣ ಎಲ್ಲ ಒಳಗಿವೆ. ಶೀಟು ರಿಪೇರಿಯಾಗಿದೆ. ಹೋದ ವರ್ಷ ಕೆಳಗಿನ ಇಳಿಜಾರಿನ ಬಳ್ಳಿಗಳು ಹಳದಿಯಾಗಿ ಹೋದವು, ಈ ಸಲ ಮೇಲಿನವು ಉಳಿದಿವೆ. ಮಳೆ ಬಿಡುವು ಕೊಟ್ಟ ದಿನ ಅವತ್ತಿನ ಪೆಟ್ರೋಲನ್ನು ಅವತ್ತೇ ತಂದು, ಊರು ನೋಡುವಂತೆ ನೀನೇ ಬೀಗ ತೆಗೆ. ನೀನು ಬರದಿದ್ದರೆ ಬೀಗ ಒಡೆಸುವುದಿಲ್ಲ. ಬಳ್ಳಿ ಹೋದರೆ ಹೋಗಲಿ.

ನನ್ನನ್ನು ನಂಬು ಎಂದು ಕೇಳುವ ಮುಖ ನನಗಿಲ್ಲ. ನೀನೂ ತನುಜಾಳೂ ಚೆನ್ನಾಗಿರಿ. ಆ ತಾಯಿ ಅನ್ನಪೂರ್ಣೆ ನಿಮ್ಮ ಮನೆಗೆ ಯಾವ ಕೊರತೆಯನ್ನೂ ತಾರದಿರಲಿ.

ತನ್ನ ಶೆಡ್ಡಿನ ಹೊರಗೇ ನಿಂತಿರುವ,
ನಿನ್ನ ಅಕ್ಕ
ಸರ್ವಮಂಗಳಾ