ಬಾವಿಗೋಡೆಯ ಯಜಮಾನಿ

ಫೆಬ್ರವರಿ 21

ಸುಣ್ಣ ಮುಗಿಯಿತು. ಡಬ್ಬಿಯ ಬಣ್ಣ ತರುತ್ತೇವೆಂದು ಬಂದ ಅರಮನೆ ಆಫೀಸಿನವರನ್ನು ಬಾಗಿಲಿನಿಂದಲೇ ಕಳಿಸಿದೆ. ಈ ಅರಮನೆಯ ಅಂಗಳದ ಗೋಡೆಗೆ ಸುಣ್ಣವಲ್ಲದೆ ಬೇರೇನೂ ತಾಗಿಲ್ಲ. ನಾನಿರುವವರೆಗೆ ತಾಗುವುದೂ ಇಲ್ಲ. ಕೈ ಉರಿಯುತ್ತಿದೆ. ಆಲಿವ್ ಎಣ್ಣೆ ಸವರಿದೆ.

ಇನ್ನು ನೆಲ. ಉರುಟುಕಲ್ಲುಗಳ ಸಂದಿಯಲ್ಲೆಲ್ಲ ಪಾಚಿ. ಸೊಸೆ ಮಾರಿ ಲುಸ್ ಬಕೆಟ್ ಹಿಡಿದು ನಿಂತಿದ್ದಳು.

"ಬ್ಲೀಚ್ ಎಷ್ಟು ಹಾಕ್ಲಿ ಅತ್ತೆ?"

"ಕಣ್ಣು ಉರಿಯೋವಷ್ಟು. ಕೋರ್ದೊಬಾದ ಹೆಂಗಸು ನೆಲ ತೊಳೆದ್ರೆ ಬೀದಿಯವರ ಮೂಗಿಗೆ ಗೊತ್ತಾಗ್ಬೇಕು."

ಮಾರ್ಚ್ 9

ಯಜಮಾನಿ ಚಿಗುರಿಲ್ಲ.

ಕಹಿ ಕಿತ್ತಳೆ ಮೊಗ್ಗಾಗಿದೆ. ಮಲ್ಲಿಗೆ ಎಲೆ ಬಿಟ್ಟಿದೆ. ಬಾವಿಯ ಹಿಂದಿನ ಗೋಡೆ ತುಂಬ ಹಬ್ಬಿದ ಬಿಳಿ ಗುಲಾಬಿ, ನಮ್ಮ ಯಜಮಾನಿ, ಮಾತ್ರ... ಬಂದ ಎರಡು ಚಿಗುರೂ ಕಪ್ಪು. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಕಂದು. ಇನ್ನೂ ಕೆಳಗೆ ಕೆರೆದೆ. ಅಲ್ಲೂ ಕಂದು.

ಮಾರ್ಚ್ 10

ಬುಡದ ಮಣ್ಣು ಮೂಸಿದೆ. ಬ್ಲೀಚ್ ವಾಸನೆ. ಗೊತ್ತಾಯಿತು.

ಬಾವಿಯಿಂದ ಗುಲಾಬಿ ಬುಡಕ್ಕೆ ಹೋಗುವ ಕಲ್ಲಿನ ಕಾಲುವೆಗೆ ಚಿಂದಿ ತುರುಕಿ ಅಡ್ಡಗಟ್ಟಿ, ಆಮೇಲೆ ಬ್ಲೀಚ್ ಸುರಿಯುವುದು ನಮ್ಮ ರೂಢಿ. ಮಾರಿ ಲುಸ್‌ಳನ್ನು ಕರೆದೆ.

"ಚಿಂದಿ ಇಟ್ಟಿದ್ಯಾ?"

"ಇಟ್ಟಿದ್ದೆ ಅತ್ತೆ, ದೇವರಾಣೆ. ನೀರು ಜಾಸ್ತಿಯಾಗಿ ಕಿತ್ಕೊಂಡು ಹೋಗಿರ್ಬೇಕು... ನಾಲ್ಕು ಸಲ ತೊಳಿ ಅಂದ್ರಲ್ಲ ನೀವು."

"ಇನ್ಮೇಲೆ ಅಂಗಳಕ್ಕೆ ಕಾಲಿಡ್ಬೇಡ."

ಅಷ್ಟೇ ಹೇಳಿದೆ. ಹೆಚ್ಚು ಮಾತು ನನಗೆ ಬರುವುದಿಲ್ಲ.

ಯುದ್ಧದ ವರ್ಷ ಈ ಅಂಗಳದಲ್ಲಿ ಸಿಪಾಯಿಗಳು ಕುದುರೆ ಕಟ್ಟಿದ್ದರು. ಬೇಲಿಗಿಡ ತಿಂದವು, ನಿಂಬೆ ತಿಂದವು. ನನ್ನಜ್ಜಿ ತನ್ನ ಮಂಚದ ಕಬ್ಬಿಣದ ಕಂಬಿ ಬಿಚ್ಚಿಸಿ ಯಜಮಾನಿಯ ಸುತ್ತ ನೆಡಿಸಿದಳು. ತಾನು ನೆಲದ ಮೇಲೆ ಮಲಗಿದಳು. ಅರಮನೆಯವರು ಓಡಿಹೋಗಿದ್ದರು. ಗುಲಾಬಿಯನ್ನು ಉಳಿಸಿದ್ದು ಕಾವಲುಮನೆಯವರು, ನಾವು. ಕುದುರೆಗೆ ಬಗ್ಗದವಳು ಒಂದು ಬಕೆಟ್ ನೀರಿಗೆ...

ಮಾರ್ಚ್ 26

ಮೇಲ್ವಿಚಾರಕ ದೋನ್ ಇಗ್ನಾಸಿಯೊ ಬಂದಿದ್ದರು. ಹೊಸ ಬೂಟು. ಗೋಡೆ ನೋಡಿದರು, ಫೋನ್ ನೋಡಿದರು.

"ಮೇ ತಿಂಗಳಿಗೆ ಅಂಗಳ ನೋಡೋಕೆ ಜನ ಬರ್ತಾರೆ, ದೋನ್ಯಾ ಫುವೆನ್ಸಾಂತಾ. ಒಣಕಟ್ಟಿಗೆ ತೋರಿಸೋಕಾಗುತ್ತಾ? ನರ್ಸರಿಯಿಂದ ಬೋಗನ್‌ವಿಲ್ಲಾ ತರಿಸ್ತೀನಿ. ಎರಡೇ ವರ್ಷ, ಗೋಡೆ ಪೂರ್ತಿ ಕೆಂಪು."

"ಕಾಗದದ ಹೂವಾ? ವಾಸನೆ ಇಲ್ಲದ್ದು?"

"ಫೋಟೋದಲ್ಲಿ ವಾಸನೆ ಯಾರಿಗ್ರೀ ಬೇಕು?"

"ಇಲ್ಲಿ ಇನ್ನೊಬ್ಬ ಯಜಮಾನಿಯೇ ಬರ್ತಾಳೆ. ಅಲ್ಲೀವರೆಗೂ ಗೋಡೆ ಖಾಲಿ ಇರುತ್ತೆ."

"ಎಲ್ಲಿಂದ ತರ್ತೀರಿ? ಈ ಜಾತಿ ಅಂಗಡೀಲಿ ಸಿಗಲ್ಲ ಅಂತ ನೀವೇ ಹೇಳ್ತಿದ್ರಿ."

ಎಲ್ಲಿದೆ ಎಂದು ನನಗೆ ಗೊತ್ತು. ಬೀದಿಗೆಲ್ಲ ಗೊತ್ತು.

ಬೇಸಿಗೆ ಮುಗಿಯುವವರೆಗೆ ಕಾಯುತ್ತಾರಂತೆ. ಅಷ್ಟರಲ್ಲಿ ಜೀವಂತ ಗಿಡ ತೋರಿಸದಿದ್ದರೆ ಕಾಗದದ ಹೂವೇ.

ಏಪ್ರಿಲ್ 2

ಎದುರುಮನೆ ಓಬ್ದೂಲಿಯಾ. ಅವಳ ಅಂಗಳದ ಮೂಲೆಯಲ್ಲಿ ನಮ್ಮ ಯಜಮಾನಿಯ ಮಗಳಿದ್ದಾಳೆ. ಹಳೆಯ ದೊರೆಸಾನಿಯ ಶವಯಾತ್ರೆಯ ದಿನ, ನಾವೆಲ್ಲ ಅಳುತ್ತಿದ್ದಾಗ, ಇವಳ ತಾಯಿ ಲಂಗದ ಮಡಿಕೆಯಲ್ಲಿ ಗುಲಾಬಿಯ ಕಡ್ಡಿ ಕದ್ದೊಯ್ದಳು. ನಮ್ಮ ಅರಮನೆಯಿಂದ ಯಾರಿಗೂ ಕಡ್ಡಿ ಕೊಡುವ ಪದ್ಧತಿ ಇಲ್ಲ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಅವಳ ಅಂಗಳಕ್ಕೆ ಮೇ ತಿಂಗಳ ಸ್ಪರ್ಧೆಯಲ್ಲಿ ಬಹುಮಾನ ಬಂದಾಗಲೂ ನಾನು ಹೋಗಲಿಲ್ಲ. ಅದು ಬೇರೆ ಗುಲಾಬಿ, ಕಳಪೆ ಜಾತಿ, ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ.

ಬೇಡಲಾರೆ. ಫುವೆನ್ಸಾಂತಾ ಯಾರ ಹೊಸ್ತಿಲಲ್ಲೂ ಕೈ ಚಾಚಿದವಳಲ್ಲ.

ಕದಿಯಬಹುದು. ಕದ್ದ ಕಡ್ಡಿಯೇ ಬೇರು ಹಿಡಿಯುವುದು ಎಂದು ನಮ್ಮಲ್ಲಿ ಮಾತೇ ಇದೆ. ಕದಿಯುವುದರಲ್ಲಿ ಮಾನ ಹೋಗುವುದಿಲ್ಲ.

ಏಪ್ರಿಲ್ 16, ಮಧ್ಯಾಹ್ನ

ಹೋದೆ. ಕಪ್ಪು ಉಡುಪು, ಮುತ್ತಿನ ಓಲೆ, ಏಪ್ರನ್ ಜೇಬಿನಲ್ಲಿ ಕತ್ತರಿ. ಕೈಯಲ್ಲಿ ಹಬ್ಬಕ್ಕೆ ಕರಿದ ಜೇನುರೊಟ್ಟಿಯ ತಟ್ಟೆ.

ಓಬ್ದೂಲಿಯಾ ಉದ್ದ ಕೋಲಿನ ತುದಿಗೆ ಕಟ್ಟಿದ ಡಬ್ಬಿಯಿಂದ ಗೋಡೆಯ ಮೇಲಿನ ಕುಂಡಗಳಿಗೆ ನೀರು ಹಾಕುತ್ತಿದ್ದಳು. ಕೋಲು ಇಳಿಸಲಿಲ್ಲ.

"ಓಹೋ! ಅರಮನೆಯೇ ನಡ್ಕೊಂಡು ಬಂತಲ್ಲ! ಯಾರು ಸತ್ರು?"

"ಯಾರೂ ಸತ್ತಿಲ್ಲ. ರೊಟ್ಟಿ ಹೆಚ್ಚಾಯ್ತು."

"ನಿನ್ ಮನೇಲಿ ರೊಟ್ಟಿ ಹೆಚ್ಚಾಗೋಕೆ ಇಷ್ಟು ವರ್ಷ ಬೇಕಾಯ್ತೇನೇ?"

ಮೂಲೆಯಲ್ಲಿ ಅದು. ಮೊಗ್ಗು ಬಿಚ್ಚುತ್ತಿತ್ತು. ಅದೇ ವಾಸನೆ... ಲವಂಗ ಬೆರೆತಂತೆ.

"ನಿಮ್ಮ ಗುಲಾಬಿ ಹೋಯ್ತಂತೆ" ಎಂದಳು, ಈಗ ಮೆಲ್ಲಗೆ. "ಬಾಯಿ ಬಿಟ್ಟು ಕೇಳು, ಕೊಡ್ತೀನಿ."

"ಕೇಳೋಕೆ ಬಂದಿಲ್ಲ."

"ಗೊತ್ತು. ನಿನ್ನ ಜೇಬು ನೋಡಿದ್ರೇ ಗೊತ್ತಾಗುತ್ತೆ." ಡಬ್ಬಿ ತುಂಬಿಕೊಂಡು ಗೋಡೆಯ ಕಡೆ ತಿರುಗಿದಳು. "ಈ ಸಾಲು ಪೂರ್ತಿ ನೀರು ಹಾಕ್ಬೇಕು. ನಂಗೆ ಕತ್ತು ನೋವು ಬೇರೆ, ಹಿಂದೆ ತಿರುಗೋಕಾಗಲ್ಲ."

ಕತ್ತರಿಸಿದೆ. ಒಂದು. ಎರಡು.

"ಹೂ ಬಿಟ್ಟಿರೋದನ್ನ ಕತ್ತರಿಸ್ಬೇಡ್ವೇ ಮಂಕೇ! ಪಕ್ಕದ ಎಳೇದು ತಗೋ." ತಿರುಗದೆಯೇ.

ಐದು ಕಡ್ಡಿ. ತಟ್ಟೆ ಅಲ್ಲೇ ಇಟ್ಟು ಬಂದೆ. ಧನ್ಯವಾದ ಹೇಳಲಿಲ್ಲ. ಗಿಡ ಕೊಟ್ಟವರಿಗೆ ಧನ್ಯವಾದ ಹೇಳಿದರೆ ಗಿಡ ಸಾಯುತ್ತದೆ, ಅವಳಿಗೂ ಗೊತ್ತು.

ಮೇ 8

ಜನವೋ ಜನ. ಖಾಲಿ ಗೋಡೆಯ ಮುಂದೆ ಕುರ್ಚಿ ಹಾಕಿ ಕುಳಿತಿದ್ದೇನೆ. "ಇಲ್ಲೇನಿತ್ತು?" ಎಂದು ಕೇಳುತ್ತಾರೆ. "ಇತ್ತು ಅಲ್ಲ, ಬರ್ತಾಳೆ" ಎನ್ನುತ್ತೇನೆ. ದೋನ್ ಇಗ್ನಾಸಿಯೊ ದೂರದಿಂದ ತಲೆಯಾಡಿಸುತ್ತಾರೆ. ಆಡಿಸಲಿ.

ಕುಂಡದಲ್ಲಿ ನೆಟ್ಟ ಐದರಲ್ಲಿ ಮೂರು ಕಡ್ಡಿ ಕಪ್ಪಾದವು.

ಮೇ 30

ನಾಲ್ಕನೆಯದೂ ಹೋಯಿತು. ಉಳಿದದ್ದನ್ನು ಕಿತ್ತಳೆಯ ನೆರಳಿಗೆ ಸರಿಸಿದೆ. ಅದರ ಮೇಲೆ ಗಾಜಿನ ಜಾಡಿ ಕವುಚಿದ್ದೇನೆ. ಈ ಬಿಸಿಲು ಈಗಲೇ ಕಲ್ಲು ಸುಡುತ್ತಿದೆ. ಕುಂಡದ ಸುತ್ತ ಒದ್ದೆ ಗೋಣಿ. ಬೆಳಿಗ್ಗೆ ನಾನು ಏಳುವ ಮೊದಲೇ ಗೋಣಿ ಒದ್ದೆಯಾಗಿರುತ್ತದೆ. ಯಾರು ಎಂದು ಕೇಳಿಲ್ಲ. ಕಾಲಿಡಬೇಡ ಎಂದಿದ್ದೆ...

ಅಂಗಳದ ಬಾಗಿಲಿಗೆ ಬೀಗ ಹಾಕಲಿಲ್ಲ.

ಜೂನ್ 23

ಜಾಡಿ ತೆಗೆದೆ. ಎರಡು ಹೊಸ ಎಲೆ. ಎಲೆ ನಂಬುವಂತಿಲ್ಲ, ಬೇರಿಲ್ಲದೆಯೂ ಬರುತ್ತದೆ, ಆಸೆ ಹುಟ್ಟಿಸಿ ಒಣಗುತ್ತದೆ. ಎರಡು ಬೆರಳಲ್ಲಿ ಹಿಡಿದು ತುಸು ಎಳೆಯಬೇಕು. ಸುಲಭವಾಗಿ ಬಂದರೆ ಮುಗಿಯಿತು.

ಎಳೆಯಲು ಹೋದೆ. ಸುಣ್ಣದಿಂದ ಜಡ್ಡುಗಟ್ಟಿದ ಬೆರಳು. ಏನೂ ತಿಳಿಯಲಿಲ್ಲ.

ಮಾರಿ ಲುಸ್ ಹೊಸ್ತಿಲ ಆಚೆ ನಿಂತಿದ್ದಳು. ಒಳಗೆ ಬರಲಿಲ್ಲ.

"ಬಾ" ಎಂದೆ. "ನಿನ್ನ ಬೆರಳು ಮೆತ್ತಗಿದೆ. ನೋಡು."

"ನಾನಾ ಅತ್ತೆ? ಕಿತ್ಕೊಂಡು ಬಂದ್ರೆ?"

"ಬಂದ್ರೆ ಬರುತ್ತೆ. ಓಬ್ದೂಲಿಯಾಳ ಗಿಡ ಇನ್ನೂ ಇದೆ, ನನ್ನ ಕತ್ತರೀನೂ ಇದೆ. ಎಳಿ."

ಮಂಡಿಯೂರಿ ಕೂತಳು. ಉಸಿರು ಬಿಗಿಹಿಡಿದು ಎಳೆದಳು. ಮುಖ ಮೇಲೆತ್ತಿ ನನ್ನನ್ನೇ ನೋಡಿದಳು.

"ಬಿಡ್ತಿಲ್ಲ ಅತ್ತೆ. ಒಳಗಿಂದ ಯಾರೋ ಹಿಡ್ಕೊಂಡ ಹಾಗಿದೆ."

ನಾನು ಅವಳ ತಲೆಯ ಮೇಲೆ ಕೈಯಿಟ್ಟು, "ಬೇರು ಬಿಟ್ಟಿದ್ದಾಳೆ, ಇನ್ಮೇಲೆ ಗೋಣಿ ನೆನೆಸೋಕೆ ಕತ್ತಲಲ್ಲಿ ಬರ್ಬೇಡ, ಹಗಲಲ್ಲೇ ಬಾ" ಎಂದೆ.