ಗೊಂಚಲು ದಾಟದ ಎಲೆಕ್ಟ್ರಾನುಗಳು

ಹ್ಯಾಂಬರ್ಗ್, ಜರ್ಮನಿ
೧೪ ಮಾರ್ಚ್ ೨೦೨೪

ಸಿಟ್ಟಿನಲ್ಲಿರುವ ಅಣವೀರ ಅವರಿಗೆ ಹೆಂಡತಿ ದೇವಿಕಾಳ ನಮಸ್ಕಾರ.

ವಾಡಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ, "ಹೋಗೂದಿದ್ರ ಹೋಗು, ನನಗ ಫೋನ್ ಮಾತ್ರ ಮಾಡಬ್ಯಾಡ" ಎಂದಿರಿ. ಮಾಡಿಲ್ಲ. ಪತ್ರ ಬೇಡವೆಂದು ಹೇಳಿರಲಿಲ್ಲವಲ್ಲ! ಮೊನ್ನೆ ಅತ್ತೆ ಫೋನಿನಲ್ಲಿ, "ಅಲ್ಲಿ ಬೆಳಕಿಲೆ ಏನ್ ಒಡೀತಾರಂತ ಅಣವೀರ ಕೇಳಾಕತ್ತಾನವ್ವಾ" ಎಂದರು. ಸೇಡಂನ ಮನೆಯಲ್ಲಿ ನನ್ನ ಮಾತು ಬಂದಿತಲ್ಲ ಎಂದು ಭಾಳ ಖುಷಿಯಾಯಿತು. ಅತ್ತೆಗೆ ವಿವರಿಸಲು ಬರಲಿಲ್ಲ. ನೀವು ವಿಜ್ಞಾನದ ಮಾಸ್ತರರು, ನಿಮಗೆ ಬರೆಯಬಹುದು.

ಕ್ಸೆನಾನ್ ಅನಿಲವನ್ನು ಸಣ್ಣ ರಂಧ್ರದಿಂದ ನಿರ್ವಾತದೊಳಗೆ ಚಿಮ್ಮಿಸುತ್ತೇವೆ. ಚಿಮ್ಮುತ್ತಲೇ ಅದು ತಣ್ಣಗಾಗುತ್ತದೆ. ಸಾವಿರಾರು ಪರಮಾಣುಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಅದರ ಮೇಲೆ ಎಕ್ಸ್-ರೇ ಲೇಸರಿನ ಒಂದು ಮಿಡಿತ ಬೀಳುತ್ತದೆ. ಆ ಮಿಡಿತದ ಮುಂದೆ ರೆಪ್ಪೆ ಬಡಿಯುವುದೂ ಒಂದು ಯುಗ.

ಆ ಪೆಟ್ಟಿಗೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ರಭಸದಿಂದ ಹೊರಬರಬೇಕಿತ್ತು. ಸೋಮವಾರ ಬಂದವು ಕೆಲವೇ, ಅವೂ ನಿಧಾನ. ಜೊತೆಗಾರ ಲೂಕಾಸ್, ಅವುಗಳ ವೇಗ ಅಳೆಯುವ ಮಾಪಕವೇ ಕೆಟ್ಟಿದೆ ಎಂದು ಹಟ ಹಿಡಿದ. ಅದನ್ನು ಬಿಚ್ಚಿದರೆ ನಮಗೆ ಲೇಸರ್ ಬಳಸಲು ಕೊಟ್ಟ ಸಮಯವೆಲ್ಲ ಅದರಲ್ಲೇ ಮುಗಿದು ವರ್ಷದ ಕೆಲಸ ಮಣ್ಣುಪಾಲು. ಬಿಚ್ಚುವುದು ಬೇಡ, ಗೊಂಚಲೇ ಕಟ್ಟದಂತೆ ಮೊದಲು ಅನಿಲವನ್ನು ಬೆಚ್ಚಗೆ ಮಾಡಿ ನೋಡೋಣ ಎಂದೆ. ಗುಂಪಿನ ಹಿರಿಯರು ಅರೆಮನಸ್ಸಿನಿಂದ ಒಪ್ಪಿದರು. ಬಿಡಿ ಪರಮಾಣುಗಳಿಂದ ಎಲೆಕ್ಟ್ರಾನುಗಳು ಸರಿಯಾದ ವೇಗದಲ್ಲೇ ಬಂದವು! ಮಾಪಕ ಸರಿಯಿತ್ತು. ಮತ್ತೆ ತಣ್ಣಗೆ ಮಾಡಿದೆವು. ಮತ್ತೆ ನಿಧಾನ. ಲೂಕಾಸ್ ಹೋಗಿ ಎಲ್ಲರಿಗೂ ಚಹಾ ತಂದ.

ಯಾಕೆ ಹೀಗೆ ಗೊತ್ತೇ? ಮೊದಲು ಹಾರಿಹೋದ ಎಲೆಕ್ಟ್ರಾನುಗಳು ಗೊಂಚಲಿನಲ್ಲಿ ಧನ ವಿದ್ಯುದಂಶ ಬಿಟ್ಟುಹೋಗುತ್ತವೆ. ಅದು ಹಿಂದೆ ಬರುವವನ್ನು ಸೆಳೆದು ಹಿಡಿಯುತ್ತದೆ. ತಮ್ಮ ಪರಮಾಣುವಿನಿಂದ ಬಿಡಿಸಿಕೊಂಡರೂ ಅವು ಗೊಂಚಲು ದಾಟಲಾರವು. ಆಮೇಲೆ ಹೊರಪದರ ಸಿಡಿಯುತ್ತದೆ. ಒಳಗೆ ಉಳಿದದ್ದು ಏನಾಗುತ್ತದೆ, ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಮರಳಿ ಪರಮಾಣುಗಳನ್ನು ಸೇರುತ್ತವೆಯೇ? ನಾವಿನ್ನೂ ನೋಡಬೇಕು. ನಿಮಗೇನನ್ನಿಸುತ್ತದೆ? ಕುರಕುಂಟಾ ಶಾಲೆಯ ನಿಮ್ಮ ಹುಡುಗಿಯರನ್ನೂ ಕೇಳಿ.

ಅಂದು ಈ ಸಂಗತಿಯನ್ನು ಎಲ್ಲರಿಗಿಂತ ಮೊದಲು ನಿಮಗೇ ಹೇಳಬೇಕೆನಿಸಿತ್ತು.

ನಿಮ್ಮ
ದೇವಿಕಾ

ತಾ.ಕ.: ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಈ ಕೆಲಸಕ್ಕೆ ಇನ್ನೆರಡು ವರ್ಷ ಇರುತ್ತೀಯಾ ಎಂದು ಗುಂಪಿನ ಹಿರಿಯರು ಕೇಳಿದರು. ನಿಮ್ಮನ್ನು ಕೇಳದೆಯೇ ಹ್ಞೂಂ ಎಂದಿದ್ದೇನೆ. ಮೇ ರಜೆಗೆ ಇಲ್ಲಿಗೆ ಬರ್ರಿ. ನೀವು ಬರದಿದ್ದರೂ ನಾನು ಇಲ್ಲೇ ಇರುತ್ತೇನೆ. ಆದರೂ, ಬರ್ರಿ.