ತಗಡಿಗೆ ಕೊರೆದ ಕಿಟಕಿ

ಫೆಬ್ರವರಿ ೩, ಬೆಳಿಗ್ಗೆ ೭.೩೦
ಅಕ್ಕನ ಸ್ಕೂಟರ್ ಮತ್ತೆ ಬಿಸಿಯಾಗಿ ನನ್ನ ಗ್ಯಾರೇಜಿಗೆ ಬಂದಿದೆ. ಗುಡ್ಡದ ಮೇಲಿನ ಆಸ್ಪತ್ರೆಗೆ ದಿನಾ ಹತ್ತಿ ಇಳಿಯುವ ಗಾಡಿ. ನರ್ಸ್ ಕೆಲಸ, ತಪ್ಪಿಸುವ ಹಾಗಿಲ್ಲ. ಬಿಸಿ ಹೆಚ್ಚಾಗಿ ಎಂಜಿನ್ ಕಚ್ಚಿಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಂತುಬಿಡುತ್ತದೆ. ಪಕ್ಕದಲ್ಲೇ ಕಂದಕ.

ಈ ಎಂಜಿನ್‌ಗೆ ಗಾಳಿಯೇ ಗತಿ. ಫ್ಯಾನ್ ಬೀಸುತ್ತದೆ, ತಗಡಿನ ಕವರ್ ಆ ಗಾಳಿಯನ್ನು ಸಿಲಿಂಡರಿಗೆ ಮುಟ್ಟಿಸುತ್ತದೆ. ಸಿಲಿಂಡರ್ ಸುತ್ತಲಿನ ಫಿನ್ನುಗಳ, ಆ ತೆಳು ಪಟ್ಟಿಗಳ, ನಡುವೆ ಎಣ್ಣೆ-ಮಣ್ಣು ಗಟ್ಟಿಯಾಗಿತ್ತು. ಬ್ರಷ್ ಹಾಕಿ ಉಜ್ಜಿದೆ. ಸಾಲದು ಅನ್ನಿಸಿತು. ಕವರಿಗೆ ಅಂಗೈಯಗಲ ಕಿಟಕಿ ಕೊರೆದೆ — ಬಿಸಿ ಹೊರಗೆ ಹೋಗಲಿ ಎಂದು.

"ಏನೇ ಇದು, ಗಾಡಿಗೆ ಮೂಗು ಚುಚ್ಚಿದೀಯಾ?" ಅಕ್ಕ ನಕ್ಕಳು.

"ಉಸಿರಾಡ್ಲಿ ಅಂತ."

ಸಪಾಟು ರಸ್ತೆಯಲ್ಲಿ ಓಡಿಸಿದೆ. ಪ್ಲಗ್ಗಿನ ಬುಡಕ್ಕೆ ಕಟ್ಟಿದ, ಬಿಸಿ ಅಳೆಯುವ ಮೀಟರ್ ೧೫೦ ಡಿಗ್ರಿ ತೋರಿಸಿತು. ಮೊದಲು ೧೯೦ ಇತ್ತು. ಗೆದ್ದೆ. ಅಕ್ಕನಿಗೆ ಈ ವಾರ ರಜೆ.

ಫೆಬ್ರವರಿ ೯, ಮಧ್ಯಾಹ್ನ ೩
ನನ್ನ ಗಾಡಿಗೂ ಅದೇ ಕಿಟಕಿ ಕೊರೆದು ಹಿಂದಿನ ಬೀದಿಯ ಏರು ಹತ್ತಿಸಿದೆ, ಸೆಕೆಂಡ್ ಗೇರಿನಲ್ಲಿ. ಮೀಟರ್ ೨೧೦... ೨೪೦... ನಿಲ್ಲಿಸೋಣ ಎನ್ನುವಷ್ಟರಲ್ಲಿ ಕಿರ್ರ್. ಚಕ್ರ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದಕ್ಕೆ ಬಚಾವು. ಮೊಣಕಾಲು ತರಚಿದೆ, ಅಷ್ಟೆ.

ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿ ದಾರದ ಎಳೆ ಹಿಡಿದು ನೋಡಿದೆ. ಕಿಟಕಿಯ ಬಳಿ ಪಟಪಟ ಹಾರುತ್ತದೆ. ಸಿಲಿಂಡರಿನ ಬಳಿ ಅಲುಗುವುದೂ ಇಲ್ಲ. ಗಾಳಿಯೆಲ್ಲ ಸೋರಿಹೋಗುತ್ತಿದೆ. ಅವತ್ತು ಮೀಟರ್ ಇಳಿದದ್ದು ಬ್ರಷ್ಷಿನಿಂದ. ಎಂಥ ಪೆದ್ದಿ ನಾನು.

ಅಕ್ಕ ಇವತ್ತೇ ಡ್ಯೂಟಿಗೆ ಹೊರಟಿದ್ದಾಳೆ.

೩.೨೦
ಫೋನ್ ಎತ್ತುತ್ತಿಲ್ಲ. ಆಸ್ಪತ್ರೆಗೆ ಮಾಡಿದೆ. "ಸಿಸ್ಟರ್ ಇನ್ನೂ ಬಂದಿಲ್ವಲ್ಲ," ಎಂದ ಕಾಂಪೌಂಡರ್. "ಮೂರಕ್ಕೇ ಬರ್ಬೇಕಿತ್ತು."

ಸಂಜೆ ೬
ಆಟೋ ಹಿಡಿದು ಹೋದೆ. ಪ್ರತಿ ತಿರುವಿನಲ್ಲೂ ಕಣ್ಣು ಮೊದಲು ಕಂದಕಕ್ಕೆ, ಆಮೇಲೆ ರಸ್ತೆಗೆ. ಐದನೇ ತಿರುವಿನಲ್ಲಿ ಗಾಡಿ ಅಡ್ಡ ಬಿದ್ದಿತ್ತು. ಅಕ್ಕ ಕಾಣಲಿಲ್ಲ. ಆಟೋದಿಂದ ಇಳಿದು ಓಡಿದೆ.

ಮೋರಿಯ ಆಚೆ ನೆರಳಲ್ಲಿ ಕೂತಿದ್ದಳು. ಎಡಗೈ ಮುರಿದಿದೆ. ತಾನೇ ಶಾಲಿನಲ್ಲಿ ಕಟ್ಟಿಕೊಂಡಿದ್ದಳು.

"ಚಕ್ರ ಹಿಡ್ಕೊಂಡ್ಬಿಡ್ತು ಕಣೇ. ಹಿಂದಿದ್ದ ಲಾರಿಯವನು ಪುಣ್ಯಾತ್ಮ, ಬ್ರೇಕ್ ಹಾಕ್ದ. ಆಸ್ಪತ್ರೆಗೆ ಹೇಳೋಕೆ ಹೋಗಿದಾನೆ. ಫೋನ್ ಕಂದಕಕ್ಕೆ ಬಿತ್ತು."

"ನನ್ನಿಂದಾನೇ ಅಕ್ಕಾ... ಆ ಕಿಟಕಿ..."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖ ನೋಡಿ ಕೇಳಿದ್ದು ಒಂದೇ — "ಇನ್ಯಾರಿಗಾದ್ರೂ ಮಾಡ್ಕೊಟ್ಟಿದೀಯಾ?"

ಒಬ್ಬರಿಗೆ. ಮೊನ್ನೆ. ಬೇಕರಿಯವರಿಗೆ.

ಫೆಬ್ರವರಿ ೧೦, ಬೆಳಿಗ್ಗೆ ೭
ನಿನ್ನೆಯಿಂದ ಅವರ ಫೋನ್ ಸ್ವಿಚ್ ಆಫ್. ಮನೆಗೆ ಹೋದೆ, ಬೀಗ. ಪಕ್ಕದಮನೆಯಾಕೆ ಹೇಳಿದರು: "ಮಗಳಿಗೆ ಪರೀಕ್ಷೆ. ಗುಡ್ಡದಾಚೆ ಬಿಡ್ತೀನಿ ಅಂತ ಆರಕ್ಕೇ ಹೊರಟ್ರು."

ಆಸ್ಪತ್ರೆಗೆ ಫೋನ್ ಮಾಡಿ ದಾರಿಯಲ್ಲಿ ಅವರನ್ನು ತಡೆಯಲು ಹೇಳಿದೆ. ಆಟೋದವನನ್ನು ಅವರ ಹಿಂದೆ ಓಡಿಸಿದೆ. ಇಲ್ಲಿ ಕೂತಿದ್ದೇನೆ. ಕೂರಲು ಆಗುತ್ತಿಲ್ಲ.

೮.೧೦
ಹೊರಗೆ ಬೈಗುಳ. ಬೇಕರಿಯವರು! ಬೆವರಿಳಿಸಿಕೊಂಡು ಗಾಡಿ ತಳ್ಳುತ್ತಿದ್ದಾರೆ, ಹಿಂದಿನಿಂದ ಮಗಳೂ ತಳ್ಳುತ್ತಿದ್ದಾಳೆ. ಇಬ್ಬರಿಗೂ ಕೈಕಾಲು ನೆಟ್ಟಗಿವೆ.

"ಯಾವ ಸೀಮೆ ಮೆಕ್ಯಾನಿಕ್ಕಮ್ಮಾ ನೀನು! ಗುಡ್ಡದ ಬುಡದಲ್ಲೇ ಸುಟ್ಟ ವಾಸನೆ! ಅಲ್ಲಿಂದ ತಳ್ಕೊಂಡೇ ಬಂದ್ವಿ!"

ಬೈಯಲಿ. ಇನ್ನೂ ಬೈಯಲಿ. ಮೊದಲು ಆ ಹುಡುಗಿಗೆ ಒಂದು ಲೋಟ ನೀರು ಕೊಟ್ಟು ಪರೀಕ್ಷೆಗೆ ಆಟೋ ಹತ್ತಿಸಬೇಕು.